ಪ್ರೊಟೀನಿನ ಆಕಾರ ಸಿಕ್ಕಿದೆ, ನೆಟೆ ರೋಗಕ್ಕೆ ಉತ್ತರ ಯಾಕೆ ಸಿಕ್ಕಿಲ್ಲ?

2024ರ ಅಕ್ಟೋಬರ್ 9ರಂದು ರಸಾಯನಶಾಸ್ತ್ರದ ನೊಬೆಲ್ ಘೋಷಣೆಯಾಯಿತು. ಅರ್ಧ ಪಾಲು ಹೊಸ ಪ್ರೊಟೀನ್‌ಗಳನ್ನು ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೆ ಹೋಯಿತು. ಉಳಿದರ್ಧ, ಪ್ರೊಟೀನಿನ ಆಕಾರವನ್ನು ಅಂದಾಜಿಸುವ ಆಲ್ಫಾಫೋಲ್ಡ್ ಎಂಬ ಎಐ ಸಾಧನ ಕಟ್ಟಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ. ಎಐ ಅರ್ಧ ಶತಮಾನದ ಒಗಟನ್ನು ಬಿಡಿಸಿಬಿಟ್ಟಿತು, ಇನ್ನು ಔಷಧಿಯೂ ರೋಗ ತಡೆಯುವ ತಳಿಯೂ ಬಂದಂತೆಯೇ ಎಂಬ ಧಾಟಿಯ ಸುದ್ದಿಗಳು ಅಂದಿನಿಂದ ಬರುತ್ತಲೇ ಇವೆ.

ಕಲಬುರಗಿ, ಬೀದರ್, ಯಾದಗಿರಿಯ ಓದುಗರಿಗೆ ಇಲ್ಲಿ ಗೊಂದಲವಾಗುವುದು ಸಹಜ. 2022ರ ಹಂಗಾಮಿನಲ್ಲಿ ಈ ಭಾಗದ ತೊಗರಿ ನೆಟೆ ರೋಗಕ್ಕೆ ಹೊಲಹೊಲವೇ ಒಣಗಿ, ಸರ್ಕಾರ ಪರಿಹಾರ ಘೋಷಿಸಬೇಕಾಗಿ ಬಂತು. ಅಷ್ಟರಲ್ಲಾಗಲೇ ಆಲ್ಫಾಫೋಲ್ಡ್ 20 ಕೋಟಿಗೂ ಹೆಚ್ಚು ಪ್ರೊಟೀನ್‌ಗಳ ಆಕಾರವನ್ನು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಇಟ್ಟಿತ್ತು. ತೊಗರಿಯ ಪ್ರೊಟೀನ್‌ಗಳೂ ಅದರಲ್ಲಿವೆ. ಹಾಗಾದರೆ ಕೊಂಡಿ ತಪ್ಪಿದ್ದು ಎಲ್ಲಿ? ಒಗಟಿನ ಯಾವ ಭಾಗ ಬಿಡಿಸಲ್ಪಟ್ಟಿದೆ, ಯಾವುದು ಇನ್ನೂ ಉಳಿದಿದೆ ಎಂದು ಬೇರೆ ಮಾಡಿ ನೋಡಿದರೆ ಉತ್ತರ ಸಿಗುತ್ತದೆ.

ಒಗಟು ಯಾವುದು

ಪ್ರೊಟೀನ್ ಎಂದರೆ 20 ಬಗೆಯ ಅಮೈನೊ ಆಮ್ಲಗಳು ಒಂದರ ಹಿಂದೆ ಒಂದು ಸೇರಿ ಆದ ಸರಪಳಿ. ಯಾವುದರ ನಂತರ ಯಾವುದು ಎಂಬ ಕ್ರಮವನ್ನು, ಅಂದರೆ ಸರಣಿಯನ್ನು, ಜೀನ್ ನಿರ್ಧರಿಸುತ್ತದೆ. ಜೀವಕೋಶದಲ್ಲಿ ಈ ಸರಪಳಿ ನೇರವಾಗಿ ಇರುವುದಿಲ್ಲ, ಮಡಚಿಕೊಂಡು ನಿರ್ದಿಷ್ಟ ಆಕಾರ ತಾಳುತ್ತದೆ. ಅದು ಯಾವುದನ್ನು ಹಿಡಿಯಬಲ್ಲದು, ಯಾವುದನ್ನು ಕತ್ತರಿಸಬಲ್ಲದು ಎಂಬುದು ಆ ಆಕಾರದ ಮೇಲೆ ನಿಂತಿದೆ.

ಆಕಾರದ ಮಾಹಿತಿಯೆಲ್ಲ ಸರಣಿಯೊಳಗೇ ಇದೆ ಎಂದು ತೋರಿಸಿದವರು ಕ್ರಿಶ್ಚಿಯನ್ ಆನ್ಫಿನ್ಸೆನ್. 124 ಅಮೈನೊ ಆಮ್ಲಗಳ ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ಅವರು ಗಾಢ ಯೂರಿಯಾ ದ್ರಾವಣದಲ್ಲಿಟ್ಟು, ಅದರ ನಾಲ್ಕು ಗಂಧಕ ಬಂಧಗಳನ್ನು ಕಡಿದು, ಪೂರ್ತಿ ಬಿಚ್ಚಿಹಾಕಿದರು. ಯೂರಿಯಾ ತೆಗೆದು ಗಾಳಿಗೆ ತೆರೆದಾಗ ಕಿಣ್ವ ತಾನಾಗಿಯೇ ಮೊದಲಿನಂತೆ ಮಡಚಿಕೊಂಡು ಕೆಲಸ ಶುರುಮಾಡಿತು. 1972ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಾದರೆ ಸರಣಿಯನ್ನು ಓದಿಯೇ ಆಕಾರ ಹೇಳಲು ಬರಬೇಕಲ್ಲ? ಅದೇ ಆಗುತ್ತಿರಲಿಲ್ಲ. ಒಂದು ಸರಪಳಿ ಮಡಚಿಕೊಳ್ಳಬಹುದಾದ ರೀತಿಗಳು ಎಣಿಕೆ ಮೀರಿದವು. ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ವಿಶ್ವದ ಆಯುಷ್ಯವೂ ಸಾಲದು ಎಂದು ಸೈರಸ್ ಲೆವಿಂಥಾಲ್ 1969ರಲ್ಲಿ ತೋರಿಸಿದ್ದರು. ಆದರೂ ಪ್ರೊಟೀನ್ ಕ್ಷಣಾರ್ಧದಲ್ಲಿ ಮಡಚಿಕೊಳ್ಳುತ್ತದೆ.

ಸರಪಳಿಯ ಯಾವ ತಿರುವುಗಳು ಸಾಧ್ಯ, ಯಾವುವು ಅಸಾಧ್ಯ ಎಂಬ ನಕ್ಷೆಯನ್ನು 1963ರಲ್ಲೇ ಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಮದ್ರಾಸಿನಲ್ಲಿ ಆ ಕೆಲಸ ಮಾಡಿದ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆಣ್ವಿಕ ಜೀವಭೌತ ವಿಭಾಗ ಕಟ್ಟಿದರು. ಇವತ್ತಿಗೂ ಯಾವುದೇ ಹೊಸ ಆಕಾರ ಸರಿಯೋ ತಪ್ಪೋ ಎಂದು ನೋಡುವಾಗ ಮೊದಲು ಹಾಕುವುದು ರಾಮಚಂದ್ರನ್ ನಕ್ಷೆಯನ್ನೇ.

ಉಳಿದ ದಾರಿ ಪ್ರಯೋಗ. ಪ್ರೊಟೀನನ್ನು ಶುದ್ಧಮಾಡಿ, ಮಿಲಿಲೀಟರಿಗೆ ಹತ್ತು ಮಿಲಿಗ್ರಾಂನಷ್ಟು ಗಾಢವಾಗಿಸಿ, ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಬೇಕು. ಹರಳೇ ಆಗದ ಪ್ರೊಟೀನ್‌ಗಳು ಬೇಕಾದಷ್ಟಿವೆ. 1971ರಲ್ಲಿ ಏಳು ಆಕಾರಗಳೊಂದಿಗೆ ಶುರುವಾದ ಪ್ರೊಟೀನ್ ಡೇಟಾ ಬ್ಯಾಂಕ್ ಎರಡು ಲಕ್ಷ ದಾಟಿದ್ದು 2023ರ ಆರಂಭದಲ್ಲಿ. ಅಷ್ಟರಲ್ಲಿ ಗೊತ್ತಾಗಿದ್ದ ಸರಣಿಗಳ ಸಂಖ್ಯೆ ಕೋಟಿಗಟ್ಟಲೆ. ಆ ಅಂತರವನ್ನು ತುಂಬಲು ಬಂದದ್ದೇ, ರಾಶಿ ಉದಾಹರಣೆಗಳನ್ನು ನೋಡಿ ತಾನೇ ಕಲಿಯುವ ಡೀಪ್ ಲರ್ನಿಂಗ್ ಎಂಬ ಎಐ ವಿಧಾನ.

ಯಂತ್ರ ಕಲಿತದ್ದು ಏನನ್ನು

ಆಲ್ಫಾಫೋಲ್ಡ್ 2ಕ್ಕೆ ಒಂದು ಸರಣಿ ಕೊಟ್ಟರೆ ಅದು ಮೊದಲು ಮಾಡುವುದು ಹುಡುಕಾಟ. ಬೇರೆ ಬೇರೆ ಜೀವಿಗಳಲ್ಲಿರುವ ಅದೇ ಕುಟುಂಬದ ಸರಣಿಗಳನ್ನೆಲ್ಲ ತಂದು ಸಾಲಾಗಿ ಜೋಡಿಸುತ್ತದೆ. ಮುಖ್ಯ ಸುಳಿವು ಈ ಸಾಲುಗಳಲ್ಲಿದೆ. ಸರಣಿಯ 30ನೇ ಮತ್ತು 95ನೇ ಸ್ಥಾನಗಳು ಮಡಚಿದ ಮೇಲೆ ಅಕ್ಕಪಕ್ಕ ಬರುತ್ತವೆ ಎಂದಿಟ್ಟುಕೊಳ್ಳಿ. ಯಾವುದೋ ಜೀವಿಯಲ್ಲಿ 30ನೇ ಸ್ಥಾನಕ್ಕೆ ದೊಡ್ಡ ಅಮೈನೊ ಆಮ್ಲ ಬಂದರೆ, ಜಾಗ ಹೊಂದಿಕೊಳ್ಳಲು 95ನೆಯದು ಚಿಕ್ಕದಾಗುತ್ತದೆ. ಎರಡು ಸ್ಥಾನಗಳು ಜೊತೆಜೊತೆಯಾಗಿ ಬದಲಾಗುತ್ತಿದ್ದರೆ ಅವು ಹತ್ತಿರದಲ್ಲಿವೆ ಎಂದು ಅರ್ಥ. ಇಂಥ ಸಾವಿರಾರು ಸುಳಿವುಗಳನ್ನು 48 ಪದರಗಳ ನರಜಾಲ ಸೋಸುತ್ತದೆ, ಇನ್ನೊಂದು ಭಾಗ ಪರಮಾಣುಗಳನ್ನು ಮೂರು ಆಯಾಮದಲ್ಲಿ ಕೂಡಿಸುತ್ತದೆ. ಬಂದ ಉತ್ತರವನ್ನೇ ಮತ್ತೆ ಮತ್ತೆ ಒಳಕ್ಕೆ ಕೊಟ್ಟು ತಿದ್ದಿಸಲಾಗುತ್ತದೆ. ತರಬೇತಿಗೆ ಬಳಸಿದ್ದು ಪ್ರಯೋಗಗಳಿಂದ ಸಿಕ್ಕ ಸುಮಾರು 1.7 ಲಕ್ಷ ಆಕಾರಗಳನ್ನು.

1994ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಕ್ಯಾಸ್ಪ್ ಸ್ಪರ್ಧೆಯಲ್ಲಿ, ಪ್ರಯೋಗದಿಂದ ಗೊತ್ತಾಗಿದ್ದರೂ ಇನ್ನೂ ಪ್ರಕಟವಾಗದ ಆಕಾರಗಳನ್ನು ಅಂದಾಜು ಮಾಡಲು ಕೊಡುತ್ತಾರೆ. 2020ರಲ್ಲಿ ಆಲ್ಫಾಫೋಲ್ಡ್ 2 ಅಲ್ಲಿ ನೂರಕ್ಕೆ 92.4 ಮಧ್ಯಾಂಕ ಪಡೆಯಿತು. ಪ್ರಯೋಗಕ್ಕೆ ಸಾಟಿಯಾಗುವ ಅಂಕ ಇದು. ಈ ಸಾಧನೆಯನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ.

ಆದರೆ ಇಲ್ಲಿ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು, ಯಂತ್ರ ಕೊಡುವುದು ಮಡಚಿದ ಮೇಲಿನ ಆಕಾರವನ್ನು. ಸರಪಳಿ ಯಾವ ಹಾದಿಯಲ್ಲಿ ಮಡಚಿಕೊಂಡಿತು ಎಂಬ ಲೆವಿಂಥಾಲ್ ಪ್ರಶ್ನೆಗೆ ಅದು ಉತ್ತರಿಸುವುದಿಲ್ಲ. ಎರಡು, ಅದರ ಬಲವೆಲ್ಲ ಸಂಬಂಧಿಕ ಸರಣಿಗಳ ಸಾಲುಗಳಲ್ಲಿದೆ. ಸಾಲುಗಳು ಮೂವತ್ತಕ್ಕಿಂತ ಕಡಿಮೆಯಾದರೆ ನಿಖರತೆ ತೀವ್ರವಾಗಿ ಕುಸಿಯುತ್ತದೆ ಎಂದು 2021ರ ಮೂಲ ಪ್ರಬಂಧವೇ ಹೇಳಿದೆ. ನೆಟೆ ರೋಗದ ವಿಷಯಕ್ಕೆ ಬಂದಾಗ ಅಡ್ಡಿಯಾಗುವುದು ಈ ಎರಡನೆಯದೇ.

ಬಣ್ಣ ಓದಲು ಬರಬೇಕು

ಸ್ನಾತಕೋತ್ತರ ವಿದ್ಯಾರ್ಥಿಗಳು ಮೊದಲು ಎಡವುವುದು ಫಲಿತಾಂಶ ಓದುವಲ್ಲಿ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಪ್ರೊಟೀನ್ ಸರಣಿಗಳ ಜಾಗತಿಕ ಸಂಗ್ರಹವಾದ ಯೂನಿಪ್ರಾಟ್‌ನಲ್ಲಿ ನಿಮ್ಮ ಪ್ರೊಟೀನಿನ ಗುರುತು ಸಂಖ್ಯೆ ಹುಡುಕಿ, ಆಲ್ಫಾಫೋಲ್ಡ್ ಡೇಟಾಬೇಸಿನಲ್ಲಿ ಅದು ಇದೆಯೇ ನೋಡಬೇಕು. ಇದ್ದರೆ ಲೆಕ್ಕ ಹಾಕುವ ಗೊಡವೆಯೇ ಇಲ್ಲ, ಇಳಿಸಿಕೊಂಡರಾಯಿತು. ಇಲ್ಲದಿದ್ದರೆ ಕೊಲ್ಯಾಬ್‌ಫೋಲ್ಡ್ ಇದೆ. ಆಲ್ಫಾಫೋಲ್ಡ್ 2 ಅನ್ನು ಸ್ವಂತ ಯಂತ್ರದಲ್ಲಿ ಓಡಿಸಲು ಎರಡು ಟೆರಾಬೈಟಿಗೂ ಹೆಚ್ಚಿನ ಸರಣಿ ಸಂಗ್ರಹ ಬೇಕು. ಕೊಲ್ಯಾಬ್‌ಫೋಲ್ಡ್ ಆ ಹುಡುಕಾಟವನ್ನು ಬೇರೆ ಸರ್ವರಿನಲ್ಲಿ ಮಾಡಿಸುತ್ತದೆ, ಲೆಕ್ಕವನ್ನು ಗೂಗಲ್‌ನ ಉಚಿತ ಜಿಪಿಯುನಲ್ಲಿ (ವೇಗದ ಲೆಕ್ಕದ ಚಿಪ್). ಬ್ರೌಸರ್ ಇದ್ದರೆ ಸಾಕು. 300 ಅಮೈನೊ ಆಮ್ಲಗಳ ಪ್ರೊಟೀನಿಗೆ ಕೆಲವೇ ನಿಮಿಷ. ಸಾವಿರ ದಾಟಿದ ಮೇಲೆ ಮೆಮೊರಿ ಸಾಲದೆ ಕೆಲಸ ಅರ್ಧಕ್ಕೆ ನಿಲ್ಲುವ ಸಾಧ್ಯತೆ ಹೆಚ್ಚುತ್ತ ಹೋಗುತ್ತದೆ.

ಸರಣಿ ಅಂಟಿಸುವಾಗಲೇ ಒಂದು ತಪ್ಪು ಸದ್ದಿಲ್ಲದೆ ನುಸುಳುತ್ತದೆ. ಪ್ರೊಟೀನ್ ಬದಲು ಡಿಎನ್‌ಎ ಸರಣಿ ಅಂಟಿಸಿದರೂ ಯಂತ್ರ ತಕರಾರು ಮಾಡುವುದಿಲ್ಲ. ಎ, ಸಿ, ಜಿ, ಟಿ ಎಂಬ ನಾಲ್ಕೂ ಅಕ್ಷರಗಳು ಅಮೈನೊ ಆಮ್ಲಗಳ ಪಟ್ಟಿಯಲ್ಲೂ ಇವೆ: ಅಲನಿನ್, ಸಿಸ್ಟೀನ್, ಗ್ಲೈಸಿನ್, ಥ್ರಿಯೊನಿನ್. ಅದು ನಾಲ್ಕೇ ಅಮೈನೊ ಆಮ್ಲಗಳ ಒಂದು ವಿಚಿತ್ರ ಪ್ರೊಟೀನ್ ಎಂದುಕೊಂಡು ಏನೋ ಒಂದು ಆಕಾರ ಕೊಟ್ಟುಬಿಡುತ್ತದೆ. ಇನ್ನೊಂದು ತಪ್ಪು, ಕೋಶದಿಂದ ಹೊರಗೆ ಹೋಗುವ ಪ್ರೊಟೀನಿನ ಆರಂಭದ ಇಪ್ಪತ್ತರಷ್ಟು ಅಮೈನೊ ಆಮ್ಲಗಳನ್ನು ಹಾಗೇ ಬಿಡುವುದು. ಅದು ವಿಳಾಸದ ಚೀಟಿ, ಕೋಶ ಅದನ್ನು ಕತ್ತರಿಸಿ ಬಿಸಾಡುತ್ತದೆ. ಅದನ್ನು ತೆಗೆಯದಿದ್ದರೆ ನಿಜದಲ್ಲಿ ಇಲ್ಲದ ಒಂದು ಸುರುಳಿ ಚಿತ್ರಕ್ಕೆ ಅಂಟಿಕೊಳ್ಳುತ್ತದೆ.

ಫಲಿತಾಂಶ ಬಣ್ಣದಲ್ಲಿ ಬರುತ್ತದೆ. ಪ್ರತಿ ಅಮೈನೊ ಆಮ್ಲಕ್ಕೂ ಸೊನ್ನೆಯಿಂದ ನೂರರವರೆಗೆ ಪಿಎಲ್‌ಡಿಡಿಟಿ ಎಂಬ ಅಂಕ; ಯಂತ್ರಕ್ಕೆ ತನ್ನ ಅಂದಾಜಿನ ಮೇಲೆ ಎಷ್ಟು ನಂಬಿಕೆ ಎಂದು ಅದು ಹೇಳುತ್ತದೆ. 90ಕ್ಕಿಂತ ಮೇಲಾದರೆ ಕಡುನೀಲಿ, 70ರಿಂದ 90 ತಿಳಿನೀಲಿ, 50ರಿಂದ 70 ಹಳದಿ, 50ಕ್ಕಿಂತ ಕೆಳಗೆ ಕಿತ್ತಳೆ. ಕಿತ್ತಳೆ ಭಾಗದ ಆಕಾರವನ್ನು ನಂಬುವಂತಿಲ್ಲ. ಎಷ್ಟೋ ಸಲ ಆ ಭಾಗಕ್ಕೆ ನಿಜದಲ್ಲೂ ಸ್ಥಿರ ಆಕಾರ ಇರುವುದಿಲ್ಲ. ಮನುಷ್ಯನ ಪ್ರೊಟೀನ್‌ಗಳಲ್ಲೇ 70 ದಾಟಿದ್ದು ಶೇ 58ರಷ್ಟು ಅಮೈನೊ ಆಮ್ಲಗಳು, 90 ದಾಟಿದ್ದು ಶೇ 36 ಮಾತ್ರ.

ಎಲ್ಲವೂ ಕಡುನೀಲಿ ಬಂತೆಂದರೂ ಕೆಲಸ ಮುಗಿಯಲಿಲ್ಲ. ಎರಡು ಭಾಗಗಳು ಒಂದೊಂದಾಗಿ ಸರಿಯಿದ್ದು, ಪರಸ್ಪರ ಯಾವ ಕೋನದಲ್ಲಿ ನಿಂತಿವೆ ಎಂಬುದು ಪೂರ್ತಿ ತಪ್ಪಾಗಿರಬಹುದು. ಅದಕ್ಕೇ, ಭಾಗಗಳ ಪರಸ್ಪರ ಸ್ಥಾನದಲ್ಲಿ ಎಷ್ಟು ತಪ್ಪಿರಬಹುದು ಎಂದು ತೋರಿಸುವ ಪಿಎಇ ಎಂಬ ಚೌಕಾಕಾರದ ನಕ್ಷೆಯನ್ನೂ ನೋಡಬೇಕು. ಇನ್ನೂ ಒಂದು ಗುಂಡಿ ಇದೆ. ಪಿಎಲ್‌ಡಿಡಿಟಿ ಅಂಕವನ್ನು ಕಡತದಲ್ಲಿ ಬರೆದಿರುವುದು, ಪ್ರಯೋಗದ ಆಕಾರಗಳಲ್ಲಿ ಪರಮಾಣು ಎಷ್ಟು ಸಡಿಲ ಎಂದು ಹೇಳುವ ಬಿ-ಫ್ಯಾಕ್ಟರ್ ಇರುವ ಕಾಲಮಿನಲ್ಲಿ. ಬಿ-ಫ್ಯಾಕ್ಟರ್ ಕಡಿಮೆ ಇದ್ದಷ್ಟೂ ಒಳ್ಳೆಯದು, ಪಿಎಲ್‌ಡಿಡಿಟಿ ಹೆಚ್ಚಿದ್ದಷ್ಟೂ ಒಳ್ಳೆಯದು. ಹಳೆಯ ಅಭ್ಯಾಸದಲ್ಲಿ ಬಣ್ಣ ಹಚ್ಚಿದರೆ ಅತಿ ನಂಬಿಕೆಯ ಭಾಗವೇ ಅತಿ ಸಡಿಲ ಭಾಗವಾಗಿ ಕಾಣುತ್ತದೆ.

ತೊಗರಿಯ ಹೊಲದಲ್ಲಿ ಅಡ್ಡಿ ಎಲ್ಲಿ

ನೆಟೆ ರೋಗ ತರುವುದು ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರ. ಮಣ್ಣಿನಲ್ಲೂ ಹಳೆಯ ಕೂಳೆಯಲ್ಲೂ ವರ್ಷಗಟ್ಟಲೆ ಬದುಕಿದ್ದು, ಬೇರಿನಿಂದ ಒಳಹೊಕ್ಕು, ನೀರು ಸಾಗುವ ನಾಳಗಳನ್ನು ಕಟ್ಟಿಬಿಡುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಕಂದುಗಪ್ಪು ಗೆರೆಗಳು ಕಾಣುತ್ತವೆ. ಗಿಡ ಚೆನ್ನಾಗಿ ಬೆಳೆದು ಹೂ, ಕಾಯಿಗೆ ಬಂದಾಗ ಒಣಗುವುದರಿಂದ ಅಷ್ಟು ಹೊತ್ತಿಗೆ ಖರ್ಚೆಲ್ಲ ಆಗಿಹೋಗಿರುತ್ತದೆ.

ಈ ಜಗಳದಲ್ಲಿ ಎರಡು ಕಡೆಯ ಪ್ರೊಟೀನ್‌ಗಳಿವೆ. ಶಿಲೀಂಧ್ರ ಗಿಡದ ರಕ್ಷಣೆಯನ್ನು ಕುಗ್ಗಿಸಲು ಎಫೆಕ್ಟರ್ ಎಂಬ ಪ್ರೊಟೀನ್‌ಗಳನ್ನು ಬಿಡುತ್ತದೆ. ಗಿಡದಲ್ಲಿ ಎನ್‌ಎಲ್‌ಆರ್ ಕುಟುಂಬದ ಕಾವಲು ಪ್ರೊಟೀನ್‌ಗಳಿದ್ದು, ತಮಗೆ ಗೊತ್ತಿರುವ ಎಫೆಕ್ಟರ್ ಕಂಡರೆ ಎಚ್ಚರಿಕೆ ಕೊಡುತ್ತವೆ. ಗಿಡ ಹೀಗೆ ರೋಗ ತಡೆಯುವುದು ಹಲವು ಬೆಳೆಗಳಲ್ಲಿ ಗೊತ್ತಾಗಿದೆ. ತೊಗರಿಯ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಸರಣಿ, 2011ರ ಕೊನೆಗೆ ಪ್ರಕಟವಾಯಿತು. ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಅದರ ನೇತೃತ್ವ ವಹಿಸಿತ್ತು, ಓದಿದ್ದು ಆಶಾ ತಳಿಯನ್ನು, ಗುರುತಿಸಿದ್ದು 48,680 ಜೀನ್‌ಗಳನ್ನು. ಅಂದರೆ ಗಿಡದ ಕಡೆಯ ಸರಣಿಗಳಿವೆ, ಅವುಗಳ ಅಂದಾಜು ಆಕಾರಗಳೂ ಇವೆ. ಹಾಗಿದ್ದರೂ ಮೂರು ಕಡೆ ದಾರಿ ಮುಚ್ಚಿಕೊಳ್ಳುತ್ತದೆ.

ಮೊದಲನೆಯದು ಎಫೆಕ್ಟರ್‌ಗಳು. ಇವು ಚಿಕ್ಕವು, ವೇಗವಾಗಿ ಬದಲಾಗುವಂಥವು. ಗಿಡದ ಕಣ್ಣು ತಪ್ಪಿಸುವುದೇ ಅವುಗಳ ಉಳಿವಿನ ದಾರಿಯಾದ್ದರಿಂದ ಎಷ್ಟೋ ಎಫೆಕ್ಟರ್‌ಗಳಿಗೆ ಸಂಬಂಧಿಕರೇ ಸಿಗುವುದಿಲ್ಲ. ಸಂಬಂಧಿಕರಿಲ್ಲದಿದ್ದರೆ ಸಾಲುಗಳಿಲ್ಲ, ಸಾಲುಗಳಿಲ್ಲದಿದ್ದರೆ ಆಲ್ಫಾಫೋಲ್ಡಿಗೆ ಸುಳಿವಿಲ್ಲ. ನಮಗೆ ಯಾವ ಪ್ರೊಟೀನ್ ತುರ್ತಾಗಿ ಬೇಕೋ ಅಲ್ಲೇ ಯಂತ್ರ ದುರ್ಬಲ.

ಎರಡನೆಯದು ಜೋಡಿ. ಒಂದೇ ಜೀವಿಯ ಎರಡು ಪ್ರೊಟೀನ್‌ಗಳು ಹೇಗೆ ಕೂಡುತ್ತವೆ ಎಂದು ಅಂದಾಜಿಸುವಾಗ ಯಂತ್ರ ಎರಡೂ ಸಾಲುಗಳನ್ನು ಜೀವಿವಾರು ಹೊಂದಿಸುತ್ತದೆ: ಅಕ್ಕಿಯದು ಅಕ್ಕಿಯ ಜೊತೆ, ಗೋಧಿಯದು ಗೋಧಿಯ ಜೊತೆ. ತೊಗರಿಯ ಕಾವಲು ಪ್ರೊಟೀನ್ ಮತ್ತು ಶಿಲೀಂಧ್ರದ ಎಫೆಕ್ಟರ್ ಬೇರೆ ಬೇರೆ ಜೀವಿಗಳವು. ಹಾಗೆ ಹೊಂದಿಸಲು ದಾರಿಯೇ ಇಲ್ಲ. 2024ರ ಮೇನಲ್ಲಿ ಬಂದ ಆಲ್ಫಾಫೋಲ್ಡ್ 3 ಜೋಡಿಗಳ ವಿಷಯದಲ್ಲಿ ಸಾಕಷ್ಟು ಸುಧಾರಿಸಿದೆ, ಡಿಎನ್‌ಎ, ಆರ್‌ಎನ್‌ಎ, ಸಣ್ಣ ಅಣುಗಳನ್ನೂ ಸೇರಿಸಿಕೊಳ್ಳುತ್ತದೆ. ಅಲ್ಲೂ, ಜೋಡಿ ಕೂಡಿದ ರೀತಿಯ ಮೇಲಿನ ನಂಬಿಕೆಯನ್ನು ಅಳೆಯುವ ಐಪಿಟಿಎಂ ಎಂಬ ಅಂಕ 0.8 ದಾಟಿದರೆ ಮಾತ್ರ ನಂಬಿಕೆ ಇಡಬಹುದು. 0.6ಕ್ಕಿಂತ ಕೆಳಗಿದ್ದರೆ ಆ ಜೋಡಿ ಬಹುಶಃ ತಪ್ಪು. ನಡುವಿನದ್ದಕ್ಕೆ ಪ್ರಯೋಗವೇ ಗತಿ.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವಂಥದು. ನೆಟೆ ತಡೆಯುವ ಮಾರುತಿ, ಟಿಎಸ್-3ಆರ್‌ನಂಥ ತಳಿಯ ಒಂದು ಪ್ರೊಟೀನನ್ನೂ ರೋಗಕ್ಕೆ ಬಲಿಯಾಗುವ ತಳಿಯ ಅದೇ ಪ್ರೊಟೀನನ್ನೂ ಯಂತ್ರಕ್ಕೆ ಕೊಟ್ಟು, ಎರಡರ ಆಕಾರ ಹೋಲಿಸಿ, ರೋಗ ನಿರೋಧಕ ಶಕ್ತಿಯ ಗುಟ್ಟು ಹಿಡಿಯಬಹುದು ಎನಿಸುತ್ತದೆ. ಆದರೆ ಒಂದೆರಡು ಅಮೈನೊ ಆಮ್ಲ ಮಾತ್ರ ಬದಲಾದರೆ ಆಲ್ಫಾಫೋಲ್ಡ್ ಸಾಮಾನ್ಯವಾಗಿ ಎರಡಕ್ಕೂ ಒಂದೇ ಚಿತ್ರ ಕೊಡುತ್ತದೆ. ಕುಡಗೋಲು ಕಣ ರಕ್ತಹೀನತೆಯನ್ನು (ಸಿಕಲ್ ಸೆಲ್) ನೋಡಿ. ಹಿಮೋಗ್ಲೋಬಿನ್ನಿನ 146 ಅಮೈನೊ ಆಮ್ಲಗಳ ಬೀಟಾ ಸರಪಳಿಯಲ್ಲಿ ಆರನೆಯದು ಮಾತ್ರ ಗ್ಲುಟಾಮಿಕ್ ಆಮ್ಲದಿಂದ ವ್ಯಾಲಿನ್ ಆಗಿದೆ. ಒಂದು ಅಣುವಿನ ಮಡಿಕೆ ಬಹುತೇಕ ಹಾಗೇ ಇದೆ. ಆಮ್ಲಜನಕ ಬಿಟ್ಟುಕೊಟ್ಟ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ, ಕಾಯಿಲೆ ಇರುವುದು ಅಲ್ಲಿ. ಒಂಟಿ ಅಣುವಿನ ಚಿತ್ರ ಅದನ್ನು ಹೇಳುವುದಿಲ್ಲ.

ಕಾವಲು ಪ್ರೊಟೀನ್‌ಗಳೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅರಾಬಿಡಾಪ್ಸಿಸ್ ಗಿಡದ ಝಡ್‌ಎಆರ್1 ಎಂಬ ಕಾವಲು ಪ್ರೊಟೀನ್ ಎಚ್ಚೆತ್ತಾಗ ಐದು ಪ್ರತಿಗಳು ಸೇರಿ ಚಕ್ರವಾಗುತ್ತವೆ ಎಂದು 2019ರಲ್ಲಿ ಕ್ರಯೊ-ಇಎಂ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ತೋರಿಸಿತು. ಗೋಧಿಯ ಎಸ್‌ಆರ್35 ಕೂಡ ಹಾಗೆಯೇ ಎಂದು 2022ರಲ್ಲಿ ಗೊತ್ತಾಯಿತು. ನಿದ್ದೆಯ ಆಕಾರವೇ ಬೇರೆ, ಎಚ್ಚರದ ಆಕಾರವೇ ಬೇರೆ. ಆಲ್ಫಾಫೋಲ್ಡ್ 2 ಒಂದು ಸರಣಿಗೆ ಸಾಮಾನ್ಯವಾಗಿ ಕೊಡುವುದು ಒಂದೇ ಆಕಾರ. ಅದು ಯಾವ ಸ್ಥಿತಿಯದು ಎಂದು ಯಂತ್ರ ಹೇಳುವುದಿಲ್ಲ.

ಇಬ್ಬರ ವಾದ, ಎರಡರಲ್ಲೂ ಹುರುಳು

ಒಂದು ಪಾಳೆಯ ಹೇಳುವುದು: ಆಕಾರ ಕಂಡುಹಿಡಿಯುವ ಪ್ರಯೋಗಾಲಯಗಳಿಗೆ ಇನ್ನು ಅಷ್ಟು ಹಣ ಬೇಡ, ಕಂಪ್ಯೂಟರಿಗೆ ಹಾಕಿ. ಇನ್ನೊಂದು ಪಾಳೆಯದ ಪ್ರಕಾರ ಯಂತ್ರಕ್ಕೆ ಭೌತಶಾಸ್ತ್ರ ಗೊತ್ತಿಲ್ಲ, ನೋಡಿದ್ದನ್ನು ಹೋಲಿಸುತ್ತದೆ ಅಷ್ಟೇ. ಎರಡನೆಯವರ ಮಾತಿಗೆ ಆಧಾರವಿದೆ. ಸತುವನ್ನು ಹಿಡಿಯುವ ಪ್ರೊಟೀನ್ ಕೊಟ್ಟರೆ ಆಲ್ಫಾಫೋಲ್ಡ್ 2 ಸತುವೇ ಇಲ್ಲದಿದ್ದರೂ ಇದ್ದಂತೆಯೇ ಸಿಸ್ಟೀನ್‌ಗಳನ್ನು ಜೋಡಿಸಿಡುತ್ತದೆ, ಯಾಕೆಂದರೆ ತರಬೇತಿಯಲ್ಲಿ ಕಂಡ ಆಕಾರಗಳೆಲ್ಲ ಹಾಗೇ ಇದ್ದವು. ಆಲ್ಫಾಫೋಲ್ಡ್ 3 ಸ್ಥಿರ ಆಕಾರವಿಲ್ಲದ ಭಾಗಗಳಲ್ಲಿ ಇಲ್ಲದ ಸುರುಳಿಗಳನ್ನು ಕಲ್ಪಿಸುವುದುಂಟು. ಆದರೆ ಮೊದಲನೆಯವರದ್ದನ್ನೂ ತಳ್ಳಿಹಾಕಲಾಗದು. ಎಕ್ಸ್-ರೇ ದತ್ತಾಂಶ ಕೈಯಲ್ಲಿದ್ದೂ ಆಕಾರ ಬಿಡಿಸಲಾಗದೆ ಕೂತಿದ್ದ ಎಷ್ಟೋ ಹರಳುಗಳಿಗೆ ಆಲ್ಫಾಫೋಲ್ಡ್ ಅಂದಾಜೇ ಬೀಗದ ಕೈ ಆಯಿತು. ಯಂತ್ರವನ್ನು ಪ್ರಯೋಗದ ಎದುರಾಳಿಯಾಗಿ ನಿಲ್ಲಿಸಿದ್ದೇ ಈ ಚರ್ಚೆಯ ದೋಷ. ಆ ಸುಮಾರು 1.7 ಲಕ್ಷ ಪ್ರಯೋಗದ ಆಕಾರಗಳಿಲ್ಲದೆ ಯಂತ್ರಕ್ಕೆ ಕಲಿಯಲು ಪಾಠವೇ ಇರುತ್ತಿರಲಿಲ್ಲ.

ಇನ್ನೊಂದು ಜಗಳ ಹಕ್ಕಿನದು. ಆಲ್ಫಾಫೋಲ್ಡ್ 2ರ ಕೋಡ್ 2021ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಆಲ್ಫಾಫೋಲ್ಡ್ 3ರ ಪ್ರಬಂಧ ಕೋಡ್ ಇಲ್ಲದೆಯೇ ಪ್ರಕಟವಾಗಿ, ವಿಜ್ಞಾನಿಗಳು ಬಹಿರಂಗವಾಗಿ ಆಕ್ಷೇಪಿಸಿದರು. 2024ರ ನವೆಂಬರಿನಲ್ಲಿ ಕೋಡ್ ಹೊರಬಂತಾದರೂ ತರಬೇತಿ ಪಡೆದ ಮಾದರಿ ಸಿಗುವುದು ಶೈಕ್ಷಣಿಕ ಬಳಕೆಗೆ, ಅದೂ ಅರ್ಜಿ ಹಾಕಿದರೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಇದರಿಂದ ತೊಂದರೆಯಿಲ್ಲ, ಬೀಜ ಕಂಪನಿಗೆ ಬಾಗಿಲು ಮುಚ್ಚಿದೆ. ಅದೇ ತಿಂಗಳು ಎಂಐಟಿ ಗುಂಪು ಬಿಟ್ಟ ಬೋಲ್ಟ್ಜ್-1ರಲ್ಲಿ ಇಂಥ ನಿರ್ಬಂಧವಿಲ್ಲ. ವ್ಯಾಪಾರಕ್ಕೆ ಹೋಗಬಹುದಾದ ಯಾವುದೇ ಕೆಲಸವನ್ನು ಅಂಥ ಮುಕ್ತ ಸಾಧನದಲ್ಲೇ ಶುರುಮಾಡುವುದು ಲೇಸು. ನಡುವೆ ಸಾಧನ ಬದಲಿಸಿದರೆ ಫಲಿತಾಂಶಗಳನ್ನೆಲ್ಲ ಮತ್ತೆ ತೆಗೆಯಬೇಕಾಗುತ್ತದೆ.

ಪರಿಣಾಮ ಎಲ್ಲಿ ಮೊದಲು ಕಾಣಬಹುದು

ಬೇಕರ್ ಅವರ ದಿಕ್ಕು ಉಲ್ಟಾ: ಆಕಾರ ಮೊದಲು, ಸರಣಿ ಆಮೇಲೆ. 2025ರ ಜನವರಿಯಲ್ಲಿ ಅವರ ಗುಂಪು, ನಾಗರಹಾವಿನ ಕುಲದ ವಿಷದಲ್ಲಿರುವ ತ್ರಿಬೆರಳಿನ ಟಾಕ್ಸಿನ್‌ಗಳನ್ನು ಹಿಡಿದು ಕಟ್ಟುವ ಸಣ್ಣ ಪ್ರೊಟೀನ್‌ಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿ, ಇಲಿಗಳಲ್ಲಿ ಪರೀಕ್ಷಿಸಿ ಫಲ ಕಂಡಿತು. ಹೊಲದಲ್ಲಿ ಹಾವು ಕಚ್ಚುವುದು ಇಲ್ಲಿ ಮಾಮೂಲು. ಈಗ ಬಳಸುವ ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಹಾಗಾಗಿ ಇದು ನಿಜಕ್ಕೂ ಆಸೆ ಹುಟ್ಟಿಸುವ ಕೆಲಸ. ಕೊಳಕುಮಂಡಲದ ವಿಷದ ಮುಖ್ಯ ಘಟಕಗಳು ಬೇರೆ ಜಾತಿಯವು, ಅವುಗಳಿಗೆ ಬೇರೆಯೇ ವಿನ್ಯಾಸ ಬೇಕು. ಮನುಷ್ಯರ ಮೇಲಿನ ಪರೀಕ್ಷೆ ಬಾಕಿಯಿದೆ.

ತೊಗರಿಯಲ್ಲಿ ಲಾಭ ಸಿಗುವುದು ಆಯ್ಕೆಯ ಹಂತದಲ್ಲಿ. ನೂರಾರು ಅನುಮಾನಿತ ಜೀನ್‌ಗಳಲ್ಲಿ ಯಾವ ಇಪ್ಪತ್ತನ್ನು ಪ್ರಯೋಗಕ್ಕೆ ಎತ್ತಿಕೊಳ್ಳಬೇಕು ಎಂದು ಆಕಾರದ ಅಂದಾಜು ಹೇಳಬಲ್ಲದು. ಅದಕ್ಕೂ ಮೊದಲು ಇಲ್ಲಿನ ಶಿಲೀಂಧ್ರದ ಸರಣಿಗಳು ಬೇಕು. ಒಂದೆಡೆ ರೋಗ ತಡೆಯುವ ತಳಿ ಇನ್ನೊಂದೆಡೆ ಒಣಗುವುದು ಹಳೆಯ ಅನುಭವ, ಯಾಕೆಂದರೆ ಫ್ಯುಸೇರಿಯಂನಲ್ಲೂ ಊರಿಂದೂರಿಗೆ ಬಗೆಗಳಿವೆ. ಆಳಂದ, ಸೇಡಂ, ಚಿತ್ತಾಪುರ, ಔರಾದ್, ಶಹಾಪುರ ತಾಲ್ಲೂಕುಗಳ ಒಣಗಿದ ಗಿಡಗಳಿಂದ ಶಿಲೀಂಧ್ರ ತೆಗೆದು, ಒಂದೇ ಬೀಜಕಣದಿಂದ ಬೆಳೆಸಿ ಶುದ್ಧಮಾಡಿ, ಜೀನೋಮ್ ಓದಿಸಬೇಕು. ಎಫೆಕ್ಟರ್‌ಗಳ ಸಾಲುಗಳು ತುಂಬುವುದು ಹೀಗೆಯೇ, ಆಗ ಯಂತ್ರದ ಅಂದಾಜೂ ಸುಧಾರಿಸುತ್ತದೆ. ಸರಣಿ ಓದಿಸುವ ಕೆಲಸಕ್ಕೆ ಅನುದಾನ ಕೊಡದೆ ಎಐ ಕೇಂದ್ರದ ಕಟ್ಟಡಕ್ಕೆ ಕೊಟ್ಟರೆ ಈ ಭಾಗಕ್ಕೆ ಏನೂ ದಕ್ಕುವುದಿಲ್ಲ.

ನಂತರದ ಪರೀಕ್ಷೆ ಎರಡು ಹಂತದ್ದು. ಕಾವಲು ಪ್ರೊಟೀನಿನ ಜೀನ್ ಮತ್ತು ಎಫೆಕ್ಟರಿನ ಜೀನ್ ಎರಡನ್ನೂ ಬೆಂಥಾಮಿಯಾನ ಎಂಬ ತಂಬಾಕು ಜಾತಿಯ ಎಲೆಗೆ ಬ್ಯಾಕ್ಟೀರಿಯಾ ಮೂಲಕ ಸೇರಿಸುತ್ತಾರೆ. ಒಂದನ್ನೊಂದು ಗುರುತಿಸಿದರೆ ಕೆಲವೇ ದಿನಗಳಲ್ಲಿ ಆ ಜಾಗದ ಎಲೆ ಸತ್ತು ಕಂದು ಮಚ್ಚೆ ಬೀಳುತ್ತದೆ. ಅಲ್ಲಿ ಗೆದ್ದ ಜೀನ್ ಇರುವ ತೊಗರಿ ತಳಿಗಳನ್ನು ಬೇಕೆಂದೇ ನೆಟೆ ರೋಗ ತುಂಬಿಸಿದ ತಾಕಿನಲ್ಲಿ ಬಿತ್ತಬೇಕು. ಕಂಪ್ಯೂಟರಿನ ಕೆಲಸ ಒಂದು ಮಧ್ಯಾಹ್ನದ್ದು, ಎಲೆಯದು ಒಂದು ವಾರದ್ದು. ತಾಕಿನಲ್ಲಿ ಜೂನ್-ಜುಲೈನಲ್ಲಿ ಬಿತ್ತಿದ್ದಕ್ಕೆ ಉತ್ತರ ಸಿಗುವುದು ಗಿಡ ಕಾಯಿ ಕಟ್ಟಿದ ಮೇಲೆ, ವರ್ಷಕ್ಕೆ ಒಂದೇ ಸಲ. ಒಂದು ವರ್ಷದ ಮಳೆ ಕೈಕೊಟ್ಟರೆ ಆ ಉತ್ತರವನ್ನು ಮುಂದಿನ ಹಂಗಾಮಿನಲ್ಲಿ ಮತ್ತೆ ಪರೀಕ್ಷಿಸಬೇಕಾಗುತ್ತದೆ.